ಆರೋಗ್ಯ ಸೇವೆಯ ಆರ್ಥಿಕ ಮೌಲ್ಯಮಾಪನ: ಮಾರ್ಗಸೂಚಿಗಳನ್ನು ಓದುವ ಬಗೆ

ಚಿಕಿತ್ಸೆಗೆ ಮಾಡುವ ಖರ್ಚಿಗೆ ತಕ್ಕ ಆರೋಗ್ಯ ಲಾಭ ಸಿಗುತ್ತದೆಯೇ ಎಂದು ಲೆಕ್ಕ ಹಾಕುವುದೇ ಆರ್ಥಿಕ ಮೌಲ್ಯಮಾಪನ. ಔಷಧ ಒಂದೇ, ದತ್ತಾಂಶವೂ ಒಂದೇ. ಆದರೂ ಲೆಕ್ಕದ ಕ್ರಮ ಬದಲಾದರೆ ಉತ್ತರವೇ ತಲೆಕೆಳಗಾಗಬಹುದು. ಮಾರ್ಗಸೂಚಿಗಳು ಹುಟ್ಟಿದ್ದು ಇದನ್ನು ತಡೆಯಲು. ಸರ್ಕಾರಿ ಸಹಾಯಧನ ಕೋರುವ ಔಷಧಗಳಿಗೆ ಆಸ್ಟ್ರೇಲಿಯಾ 1993ರಲ್ಲಿ ಆರ್ಥಿಕ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿತು. 1996ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು, ಅಧ್ಯಯನಗಳನ್ನು ಪರಸ್ಪರ ಹೋಲಿಸಲು ಅನುವಾಗುವಂತೆ, ಎಲ್ಲರೂ ಅನುಸರಿಸಬಹುದಾದ ಒಂದು ಆಧಾರ ಮಾದರಿಯನ್ನು ಸೂಚಿಸಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಹೋಲಿಕೆಯ ಆಯ್ಕೆ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಹೊಸ ಔಷಧದ ವೆಚ್ಚ 12,000 ಪೌಂಡ್. ಚಿಕಿತ್ಸೆಯೇ ಇಲ್ಲದಿರುವುದಕ್ಕೆ ಹೋಲಿಸಿದರೆ ಅದರ ಲಾಭ 1 ಕ್ವಾಲಿ, ಅಂದರೆ ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ ಸಮ. ಈಗಾಗಲೇ ಬಳಕೆಯಲ್ಲಿರುವ ಔಷಧ 2,000 ಪೌಂಡಿಗೆ 0.8 ಕ್ವಾಲಿ ಕೊಡುತ್ತಿದೆ. ‘ಚಿಕಿತ್ಸೆ ಇಲ್ಲ’ ಎಂಬುದರೊಡನೆ ಹೋಲಿಸಿದರೆ ಪ್ರತಿ ಕ್ವಾಲಿಗೆ 12,000 ಪೌಂಡ್; ಹೊಸ ಔಷಧ ಅಗ್ಗವೆನಿಸುತ್ತದೆ. ಹಳೆಯ ಔಷಧದೊಡನೆ ಹೋಲಿಸಿದರೆ ಹೆಚ್ಚುವರಿ ವೆಚ್ಚ 10,000, ಹೆಚ್ಚುವರಿ ಲಾಭ ಬರೀ 0.2, ಭಾಗಿಸಿದರೆ 50,000! ಯಾವ ಚಿಕಿತ್ಸೆ ಸರ್ಕಾರಿ ಖರ್ಚಿಗೆ ಯೋಗ್ಯವೆಂದು ಅಳೆಯುವ ಇಂಗ್ಲೆಂಡಿನ ನೈಸ್ (NICE) ಸಂಸ್ಥೆ ಬಹಳ ವರ್ಷ ಬಳಸಿದ, ಪ್ರತಿ ಕ್ವಾಲಿಗೆ 20,000ದಿಂದ 30,000 ಪೌಂಡ್‌ಗಳ ಮಿತಿಯನ್ನು ಇದು ಎಂದೋ ದಾಟಿಹೋಯಿತು. ಆದ್ದರಿಂದಲೇ ಮಾರ್ಗಸೂಚಿಗಳು ರೂಢಿಯಲ್ಲಿರುವ ಚಿಕಿತ್ಸೆಯೊಂದಿಗೇ ಹೋಲಿಸಿ ಎನ್ನುತ್ತವೆ.

ಇನ್ನು ದೃಷ್ಟಿಕೋನ. ಖರ್ಚು ಯಾರದ್ದು? ಆರೋಗ್ಯ ವ್ಯವಸ್ಥೆಯದ್ದು ಮಾತ್ರವೇ, ರೋಗಿಯ ಪ್ರಯಾಣ, ಕಳೆದುಹೋದ ದುಡಿಮೆ, ಮನೆಯವರ ಆರೈಕೆಯೂ ಸೇರಬೇಕೇ? ಮನೆಯವರ ಶ್ರಮವನ್ನು ಶೂನ್ಯವೆಂದು ಬರೆದುಬಿಡುವುದು ನನಗೆ ಒಪ್ಪಿಗೆಯಾಗದು. 2016ರಲ್ಲಿ ಅಮೆರಿಕದ ಎರಡನೇ ಸಮಿತಿ ಆರೋಗ್ಯ ಕ್ಷೇತ್ರದ ಲೆಕ್ಕ, ಇಡೀ ಸಮಾಜದ ಲೆಕ್ಕ ಎರಡನ್ನೂ ಕೊಡಿ ಎಂದದ್ದು ಸರಿಯಾದ ದಾರಿ.

ಡಿಸ್ಕೌಂಟ್ ದರವನ್ನು, ಅಂದರೆ ಮುಂದೆ ಬರುವ ಖರ್ಚು-ಲಾಭಗಳ ಮೌಲ್ಯವನ್ನು ಇಂದಿನ ಲೆಕ್ಕಕ್ಕೆ ಪ್ರತಿ ವರ್ಷಕ್ಕೆ ಇಷ್ಟೆಂದು ತಗ್ಗಿಸುವ ದರವನ್ನು, ಹಲವರು ಓದದೆ ದಾಟಿಬಿಡುತ್ತಾರೆ, ಹಾಗೆ ಮಾಡಬೇಡಿ. ಮೂವತ್ತು ವರ್ಷಗಳ ನಂತರ ಸಿಗುವ 1 ಕ್ವಾಲಿಯ ಇಂದಿನ ಮೌಲ್ಯ ಶೇ 3.5ರ ದರದಲ್ಲಿ ಸುಮಾರು 0.36, ಶೇ 1.5ರಲ್ಲಿ 0.64. ಫಲ ತಡವಾಗಿ ಬರುವ ಲಸಿಕೆಗಳ ಹಣೆಬರಹ ಈ ಒಂದು ಅಂಕಿಯ ಮೇಲೆ ನಿಂತಿರಬಹುದು. ದರವನ್ನು ಬದಲಿಸಿ ಮತ್ತೆ ಲೆಕ್ಕ ಹಾಕಿದ ಕೋಷ್ಟಕ ವರದಿಯಲ್ಲಿದೆಯೇ ಎಂದು ಹುಡುಕಿ.

ಕೊನೆಯದಾಗಿ ಚಿಯರ್ಸ್ (CHEERS), ಇಂಥ ಅಧ್ಯಯನದ ವರದಿಯಲ್ಲಿ ಏನೇನಿರಬೇಕು ಎಂಬ ಪಟ್ಟಿ. 2013ರಲ್ಲಿ ಬಂದು 2022ರಲ್ಲಿ 28 ಅಂಶಗಳಿಗೆ ವಿಸ್ತರಿಸಿದ ಈ ಪಟ್ಟಿ ವರದಿ ಬರೆಯುವ ಕ್ರಮಕ್ಕೆ ಸಂಬಂಧಿಸಿದ್ದು. ಅಷ್ಟೂ ಅಂಶಗಳು ತುಂಬಿದ್ದರೂ ಹೋಲಿಕೆಗೆ ತಪ್ಪು ಔಷಧವನ್ನು ಆರಿಸಿದ್ದರೆ ಅಧ್ಯಯನ ತಪ್ಪೇ.