ತೆರೆ ಮೇಲಿನ ಅಳು ಯಾರದು?

2010ರ ಅಕ್ಟೋಬರ್. ಬಳ್ಳಾರಿಯ ಒಂದು ಥಿಯೇಟರಿನಲ್ಲಿ ತೆಲುಗು 'ರೋಬೋ' ನೋಡಲು ಮನೆಮಂದಿಯೆಲ್ಲ ಹೋಗಿದ್ದೆವು. ಶಂಕರ್ ನಿರ್ದೇಶಿಸಿ ರಜನೀಕಾಂತ್ ನಟಿಸಿದ ತಮಿಳಿನ 'ಎಂದಿರನ್' ಚಿತ್ರದ ತೆಲುಗು ರೂಪ ಅದು. ಕೊನೆಗೆ ಚಿಟ್ಟಿ ಎಂಬ ಆ ರೋಬೋ ಕೋರ್ಟಿನ ಆದೇಶದಂತೆ ತನ್ನ ಮೈಯನ್ನು ತಾನೇ ಒಂದೊಂದಾಗಿ ಬಿಚ್ಚಿಡುತ್ತದೆ. ಪಕ್ಕದಲ್ಲಿದ್ದ ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಪಾಪ, ತನ್ನ ಕೈ ತಾನೇ ಬಿಚ್ಚಾಕ ಹತ್ತೈತಿ ನೋಡವ್ವಾ. ಅದಕ್ಕ ನೋವಾಗಿರ್ತೈತೇನು?"

"ಅದು ಕಬ್ಬಿಣ ಚಿಗವ್ವಾ, ಅದಕ್ಕೇನು ನೋವು" ಅಂದೆ. ವಿಜ್ಞಾನ ಓದಿದವಳಲ್ವಾ, ಉತ್ತರ ಗೊತ್ತಿದೆ ಅಂದುಕೊಂಡಿದ್ದೆ. ಆಕೆ ಕೇಳಿದ್ದು ನಾನು ತಿಳಿದದ್ದಕ್ಕಿಂತ ದೊಡ್ಡ ಪ್ರಶ್ನೆ ಅಂತ ಅರ್ಥವಾಗಲು ವರ್ಷಗಳೇ ಬೇಕಾದವು.

ಆ ಸಿನಿಮಾದ ಹಾಡು, ಹೊಡೆದಾಟ ಎಲ್ಲರಿಗೂ ನೆನಪಿವೆ. ನನಗೆ ಮಾತ್ರ ನಡುವಿನ ಬೆಂಕಿಯ ದೃಶ್ಯವೇ ಮುಖ್ಯ. ಕಟ್ಟಡಕ್ಕೆ ಬೆಂಕಿ ಬಿದ್ದಿದೆ. ಚಿಟ್ಟಿ ಒಳಗೆ ನುಗ್ಗಿ ಜನರನ್ನು ಹೊತ್ತು ತರುತ್ತದೆ. ಸ್ನಾನ ಮಾಡುತ್ತಿದ್ದ ಒಬ್ಬ ಹುಡುಗಿಯನ್ನೂ ಹಾಗೇ ಎತ್ತಿ ಎಲ್ಲರ ಎದುರಿಗೆ ತರುತ್ತದೆ. ಮೈಮೇಲೆ ಬಟ್ಟೆಯಿಲ್ಲದ ಆ ಹುಡುಗಿ ನಾಚಿಕೆಯಿಂದ ಓಡಿ, ಗಾಡಿಗೆ ಸಿಕ್ಕಿ ಸಾಯುತ್ತಾಳೆ. ಜೀವ ಉಳಿಸು ಎಂಬ ಲೆಕ್ಕ ಚಿಟ್ಟಿಗೆ ಗೊತ್ತಿತ್ತು. ಮಾನ ಎಂದರೇನು ಅಂತ ಗೊತ್ತಿರಲಿಲ್ಲ.

ಇಡೀ ಚಿತ್ರದಲ್ಲಿ ವಿಜ್ಞಾನಕ್ಕೆ ಅತಿ ಹತ್ತಿರ ಬಂದದ್ದು ಇದೇ ದೃಶ್ಯ ಅನ್ನುತ್ತೇನೆ. ನಾಚಿಕೆ ಮೈಗೆ ಅಂಟಿಕೊಂಡ ಭಾವ. ಮುಖ ಕೆಂಪಾಗುತ್ತದೆ, ಕಿವಿ ಬಿಸಿಯಾಗುತ್ತದೆ, ಕಾಲು ತಾನಾಗಿ ಓಡುತ್ತದೆ. ಮುಚ್ಚಿಕೊಳ್ಳಲು ಮೈಯೇ ಇಲ್ಲದವರಿಗೆ ಅದನ್ನು ತಿಳಿಸುವುದು ಹೇಗೆ? ಆಮೇಲೆ ಚಿತ್ರ ಸುಲಭದ ದಾರಿ ಹಿಡಿಯುತ್ತದೆ. ವಿಜ್ಞಾನಿ ಒಂದು ತಿಂಗಳ ಸಮಯ ಕೇಳಿ ಚಿಟ್ಟಿಗೆ ಭಾವನೆಗಳನ್ನು ಕಲಿಸುತ್ತಾನೆ. ಗಡುವು ಹತ್ತಿರ ಬಂದಾಗ ಚಿಟ್ಟಿಗೆ ಸಿಟ್ಟು ಬರುತ್ತದೆ. ಭಾವನೆ ಬಂತು ಅಂತ ಖುಷಿಪಡುತ್ತಾರೆ. ಮೊದಲು ಬುದ್ಧಿ, ಅದು ಮುಗಿದ ಮೇಲೆ ಭಾವನೆ, ಮನೆ ಕಟ್ಟಿ ಕಡೆಗೆ ಸುಣ್ಣ ಬಳಿದ ಹಾಗೆ. ಇಂಥ ಬಹುಪಾಲು ಸಿನಿಮಾಗಳು ನಂಬುವುದು ಇದನ್ನೇ. ನಮ್ಮ ಮೈಯಲ್ಲಿ ಇದು ತಲೆಕೆಳಗು.

ವೈದ್ಯಕೀಯ ಬರಹಗಳಲ್ಲಿ ಎಸ್.ಎಂ. ಎಂದಷ್ಟೇ ಕರೆಯುವ ಅಮೆರಿಕದ ಒಬ್ಬ ಮಹಿಳೆ ಇದ್ದಾರೆ. ಮಿದುಳಿನಲ್ಲಿ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ, ಎಡಕ್ಕೊಂದು ಬಲಕ್ಕೊಂದು. ಅಪರೂಪದ ಕಾಯಿಲೆಯಿಂದ ಅವರಲ್ಲಿ ಎರಡೂ ಹಾಳಾಗಿವೆ. ಹೊರಗಿನ ಅಪಾಯ ಕಂಡರೆ ಅವರಿಗೆ ಹೆದರಿಕೆಯೇ ಆಗುವುದಿಲ್ಲ. ಹಾವನ್ನು ಕೊಟ್ಟರೆ ಕುತೂಹಲದಿಂದ ಕೈಯಲ್ಲಿ ಹಿಡಿದುಕೊಂಡರು. ಅಮಿಗ್ಡಲಾ ಇಲ್ಲದಿದ್ದರೆ ಭಯವೂ ಇಲ್ಲ ಎಂದು ಬಹಳ ಜನ ತೀರ್ಮಾನಿಸಿದ್ದರು. ಆದರೆ 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಶೇಕಡಾ 35ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆಸಿದ ಗಾಳಿಯನ್ನು ಅವರು ಒಂದೇ ಒಂದು ಸಲ ಉಸಿರಾಡಿದರು. ಹಾವಿಗೆ ಹೆದರದವರು ಆಗ ಗಾಬರಿಯಿಂದ ಒದ್ದಾಡಿದರು.

ಯಾಕೆ ಹೀಗೆ? ಆ ಅನಿಲ ಜಾಸ್ತಿಯಾದರೆ ರಕ್ತದ ಆಮ್ಲತೆ ಏರುತ್ತದೆ. ಅದನ್ನು ಮಿದುಳಿನ ಬುಡದ ಭಾಗ ನೇರವಾಗಿ ಗುರುತಿಸಿ, ಉಸಿರು ಕಟ್ಟುತ್ತಿದೆ ಎಂದು ಮೈಯನ್ನೆಲ್ಲ ಎಬ್ಬಿಸುತ್ತದೆ. ಹೊರಗಿನ ಅಪಾಯವನ್ನು ಗುರುತಿಸುವ ಬಾಗಿಲು ಮುಚ್ಚಿದ್ದರೂ ಒಳಗಿನದು ತೆರೆದೇ ಇತ್ತು. ಭಯದ ಬೇರು ಅಷ್ಟು ಆಳದಲ್ಲಿದೆ. ಮೈ ಉಳಿಯಬೇಕು ಅನ್ನುವ ಹಟದಲ್ಲೇ ಅದು ಇದೆ.

ಮೇ ತಿಂಗಳಲ್ಲಿ ರಾಯಚೂರಿನ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗೆ 40 ಡಿಗ್ರಿ ದಾಟಿರುತ್ತದೆ, ಒಳಗೆ ಮೈ 37ರ ಆಸುಪಾಸಿನಲ್ಲೇ ಇರಬೇಕು. ಬೆವರು ಸುರಿಯುತ್ತದೆ, ಗಂಟಲು ಒಣಗುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಯಾರೋ ಒಂದು ತಂಬಿಗೆ ನೀರು ಕೊಟ್ಟರೆ ಅವರ ಮೇಲೆ ಪ್ರೀತಿಯೇ ಹುಟ್ಟುತ್ತದೆ. ರೋಬೋದ ಬ್ಯಾಟರಿಯೂ ಖಾಲಿಯಾಗುತ್ತದೆ, ನಿಜ. ಆದರೆ ಶೇಕಡಾ 10 ಅನ್ನುವುದು ಅದಕ್ಕೆ ಒಂದು ಅಂಕಿ. ಆರಿಹೋದರೂ ನಾಳೆ ಚಾರ್ಜ್ ಮಾಡಿದರೆ ಎದ್ದು ನಿಲ್ಲುತ್ತದೆ. ಕಳೆದುಕೊಳ್ಳಲು ಏನೂ ಇಲ್ಲದ ಕಡೆ ಭಯಕ್ಕೆ ಏನು ಕೆಲಸ?

ಹಾಗಾದರೆ ಚಿಗವ್ವ ಅತ್ತದ್ದು ಯಾಕೆ?

1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮರಿಯಾನೆ ಸಿಮ್ಮೆಲ್ ಎಂಬ ಮನೋವಿಜ್ಞಾನಿಗಳು ಒಂದು ಪುಟ್ಟ ಚಲನಚಿತ್ರವನ್ನು ಬಳಸಿ ನಡೆಸಿದ ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಆಯತ, ಅಷ್ಟೇ. ಅವು ಅತ್ತಿತ್ತ ಓಡಾಡುತ್ತವೆ. ಏನು ಕಂಡಿತು ಅಂತ 34 ಜನರನ್ನು ಕೇಳಿದರು. ಆಕಾರಗಳು ಸರಿದಾಡಿದವು ಎಂದಷ್ಟೇ ಹೇಳಿದ್ದು ಒಬ್ಬರು. ಉಳಿದವರೆಲ್ಲ ಅವುಗಳಲ್ಲಿ ಜೀವ ಇರುವವರನ್ನು ಕಂಡರು. ದೊಡ್ಡ ತ್ರಿಕೋನ ಜಗಳಗಂಟ, ವೃತ್ತ ಹೆದರಿದೆ, ಹೀಗೆ ಕಥೆ ಹೆಣೆದರು. ಕಣ್ಣು ಮೂಗು ಇಲ್ಲದ ಗೆರೆಗಳಿಗೇ ನಾವು ಮನಸ್ಸು ಕೊಡುತ್ತೇವೆ. ರಜನೀಕಾಂತ್ ಮುಖ ಹೊತ್ತ ರೋಬೋಗೆ ಕೊಡದೆ ಇರುತ್ತೇವೆಯೇ?

ಇಲ್ಲಿ ಕೊಪ್ಪಳ ಸೀಮೆಯ ತೊಗಲು ಗೊಂಬೆ ನೆನಪಾಗುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ವಯಸ್ಸು ತೊಂಬತ್ತು ದಾಟಿದ ಆ ಅಜ್ಜಿ ಬದುಕಿನುದ್ದಕ್ಕೂ ಗೊಂಬೆಗಳಲ್ಲಿ ರಾಮಾಯಣ, ಮಹಾಭಾರತ ಆಡಿಸಿದವರು. ತೊಗಲು ಗೊಂಬೆಯನ್ನು ಹತ್ತಿರದಿಂದ ನೋಡಿದ್ದೀರಾ? ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ ಬಣ್ಣ ಹಾಕಿರುತ್ತಾರೆ. ಒಡವೆ ಇರುವ ಕಡೆ ಸಣ್ಣ ಸಣ್ಣ ತೂತು. ಬರೆದ ಕಣ್ಣು ಬರೆದಂತೆಯೇ ಇರುತ್ತದೆ, ರೆಪ್ಪೆ ಬಡಿಯುವುದಿಲ್ಲ, ತುಟಿ ಅಲುಗುವುದಿಲ್ಲ. ಆದರೂ ಸೀತೆ ಅಳುತ್ತಾಳೆ.

ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ ಇದನ್ನು ಗಮನಿಸಿದ್ದರು. ರೋಬೋ ಮನುಷ್ಯನನ್ನು ಹೋಲುತ್ತ ಹೋದ ಹಾಗೆ ನಮಗೆ ಅದರ ಮೇಲೆ ಅಕ್ಕರೆ ಹೆಚ್ಚುತ್ತದೆ, ಆದರೆ ಇನ್ನೇನು ಮನುಷ್ಯನೇ ಅನ್ನುವಷ್ಟು ಹತ್ತಿರ ಬಂದಾಗ ಥಟ್ಟನೆ ಹೇಸಿಗೆ, ಅಳುಕು ಹುಟ್ಟುತ್ತದೆ ಎಂದು ಅವರು 1970ರಲ್ಲಿ ಬರೆದರು. ಆ ಇಳಿಜಾರನ್ನು ಕಣಿವೆ ಎಂದು ಕರೆದರು. ಕತ್ತಲಲ್ಲಿ ಯಾರದೋ ಕೈ ಕುಲುಕಿ, ಅದು ತಣ್ಣಗಿನ ಕೃತಕ ಕೈ ಅಂತ ಗೊತ್ತಾದರೆ ಹೇಗಿರುತ್ತದೋ ಹಾಗೆ. ಆದರೆ ಅದೇ ನಕ್ಷೆಯಲ್ಲಿ, ಕಣಿವೆಯ ಆಚೆ ದಂಡೆಯಲ್ಲಿ, ನಿಜ ಮನುಷ್ಯನ ಹತ್ತಿರಕ್ಕೆ ಅವರು ಇಟ್ಟಿದ್ದು ಜಪಾನಿನ ಹಳೆಯ ಗೊಂಬೆಯಾಟವಾದ ಬುನ್ರಾಕುವಿನ ಗೊಂಬೆಯನ್ನು! ಒಂದೊಂದು ಮುಖ್ಯ ಗೊಂಬೆಯನ್ನು ಮೂವರು ವೇದಿಕೆಯ ಮೇಲೇ ನಿಂತು ಆಡಿಸುತ್ತಾರೆ, ನೋಡುವವರಿಗೆ ಅವರು ಕಾಣುತ್ತಿರುತ್ತಾರೆ. ಆದರೂ ಮನಸ್ಸು ಕರಗುತ್ತದೆ. ರಬ್ಬರ್ ಚರ್ಮ, ಮೋಟಾರಿನ ಹುಬ್ಬು ಮಾಡಲಾಗದ ಕೆಲಸವನ್ನು ಮರದ ಗೊಂಬೆ ಮಾಡುತ್ತದೆ.

ನನಗೆ ಕಳವಳ ಇರುವುದು ಮಾತಾಡುವ ಯಂತ್ರಗಳ ಬಗ್ಗೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ 'ಎಲೈಜಾ' ಎಂಬ ಪ್ರೋಗ್ರಾಂ ಬಗ್ಗೆ ಬರೆದರು. ನೀವು ಟೈಪ್ ಮಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುವುದು ಅದರ ಕೆಲಸ. ಅವರು ಅದನ್ನು ಮಾಡುವಾಗ ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ, ಅದರ ಜೊತೆ ಕೆಲವು ಮಾತು ಆಡಿದ ಮೇಲೆ, ಸ್ವಲ್ಪ ಹೊರಗೆ ಹೋಗಿ ಎಂದು ಅವರಿಗೆ ಹೇಳಿದರಂತೆ. ಈಗ ಫೋನಿನಲ್ಲಿರುವ ಯಂತ್ರಗಳು ಎಷ್ಟೋ ಪಾಲು ಜಾಣ. ಅಪಾರ ಬರಹ ಅರೆದು ಕುಡಿದು, ಮುಂದೆ ಯಾವ ಪದ ಬರಬಹುದು ಎಂದು ಲೆಕ್ಕ ಹಾಕುತ್ತವೆ. ಕನ್ನಡವೂ ಬರುತ್ತದೆ. ನಾನು ಪಾಠ ಹೇಳುವ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ಅವ್ವನಿಗೂ ಹೇಳದ್ದನ್ನು ರಾತ್ರಿಯೆಲ್ಲ ಅದಕ್ಕೆ ಹೇಳಿದ್ದಳು. "ಅದು ಬೈಯೂದಿಲ್ಲ ಮೇಡಂ" ಅಂದಳು. ಅವಳ ಅಳು ನಿಜ. ಕೇಳಿಸಿಕೊಂಡ ಕಡೆ ಯಾರೂ ಇರಲಿಲ್ಲ. ಸಿನಿಮಾಗಳು ನೂರು ಸಲ ಕೇಳಿದ್ದು, ಯಂತ್ರಕ್ಕೆ ನಮ್ಮ ಮೇಲೆ ಪ್ರೀತಿ ಹುಟ್ಟಿದರೆ ಏನು ಗತಿ ಅಂತ. ನಮಗೆ ಅದರ ಮೇಲೆ ಹುಟ್ಟಿದರೆ ಅನ್ನುವುದು ಇವತ್ತಿನ ಪ್ರಶ್ನೆ. ಅದಕ್ಕೆ ರೋಬೋ ಹುಟ್ಟುವ ತನಕ ಕಾಯಬೇಕಿಲ್ಲ.

ನಾನು ಸಣ್ಣವಳಿದ್ದಾಗ ಮಳೆ ಕೈಕೊಟ್ಟಿತೆಂದರೆ ಊರವರು ಗೊಂಬೆಯಾಟ ಆಡಿಸುತ್ತಿದ್ದರು. ಅಂಥ ಒಂದು ರಾತ್ರಿ ಅಶೋಕವನದ ಸೀತೆಯ ಅಳು ಕೇಳಲಾಗದೆ ಎದ್ದು ತೆರೆಯ ಹಿಂದಕ್ಕೆ ಹೋದೆ. ದೀಪದ ಹೊಗೆ, ಎಣ್ಣೆಯ ವಾಸನೆ. ವಯಸ್ಸಾದ ಒಬ್ಬ ಅಜ್ಜಿ ಗೊಂಬೆಯ ಕೋಲನ್ನು ತೆರೆಗೆ ಒತ್ತಿ ಹಿಡಿದು ಹಾಡುತ್ತಿದ್ದಳು. ಹಾಡಿ ಹಾಡಿ ಗಂಟಲು ಕಟ್ಟಿತ್ತು. ಕೆನ್ನೆ ಒದ್ದೆಯಾಗಿತ್ತು. ನನ್ನನ್ನು ನೋಡಿ, ಹಾಡು ನಿಲ್ಲಿಸದೆ, ಮುಂದೆ ಹೋಗಿ ಕೂಡು ಎಂದು ಕಣ್ಣಲ್ಲೇ ಹೇಳಿದಳು.