ಒಂದೇ ಡಬ್ಬಿ, ಎರಡು ಬೆಲೆ: ಸಿಎನ್ 23 ತುಂಬುವ ಮುಂಚೆ

ವಿದೇಶಕ್ಕೆ ಪಾರ್ಸೆಲ್ ಕಳಿಸುವಾಗ ಬೆಲೆಯನ್ನು ಎರಡು ಸಲ ಕೇಳುತ್ತಾರೆ. ಒಂದು ಕಸ್ಟಮ್ಸ್‌ಗೆ, ಇನ್ನೊಂದು ವಿಮೆಗೆ. ಮೊದಲನೇದನ್ನು ಇಳಿಸೋಣ, ಎರಡನೇದನ್ನು ಏರಿಸೋಣ ಅನ್ನಿಸುತ್ತೆ, ಅಲ್ವಾ? ನನಗೂ ಅನ್ನಿಸಿತ್ತು. ಲಂಡನ್ನಿನ ತಮ್ಮನ ಮನೆಗೆ ಸೀರೆ ಕಳಿಸುವಾಗ "ಗಿಫ್ಟ್, 500 ರೂಪಾಯಿ" ಅಂತ ಬರೆದೆ. ಸೀರೆ ನೆಂದು ಹಾಳಾಯಿತು. ಪರಿಹಾರ ಕೇಳಿದಾಗ ಕೊರಿಯರಿನವರು ನಾನೇ ಬರೆದ ಆ 500 ತೋರಿಸಿದರು. ಸೀರೆಯ ಬಿಲ್ಲಿನಲ್ಲಿ ಇದ್ದದ್ದು 9,000.

ಮೊದಲು ಕಸ್ಟಮ್ಸ್ ಫಾರಂ. ಅಂಚೆಯಲ್ಲಿ ಸಿಎನ್ 22, ಸಿಎನ್ 23 ಅಂತ ಎರಡಿವೆ. 22 ಚಿಕ್ಕದು, 300 ಎಸ್‌ಡಿಆರ್‌ವರೆಗಿನ ಸಣ್ಣ ಪ್ಯಾಕೆಟ್‌ಗೆ. ಎಸ್‌ಡಿಆರ್ ಅಂದರೆ ಐಎಂಎಫ್‌ನ ಲೆಕ್ಕದ ಹಣ; 300 ಅಂದರೆ ಸುಮಾರು 400 ಡಾಲರ್. ಅದಕ್ಕಿಂತ ಜಾಸ್ತಿ ಬೆಲೆಯದಕ್ಕೂ ದೊಡ್ಡ ಪಾರ್ಸೆಲ್‌ಗೂ 23.

ಇದರಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ಸಾಲು. ಸುಮ್ನೆ "ಬಟ್ಟೆ, ಗೊಂಬೆ" ಅಂದರೆ ಸಾಲದು. ಹೀಗೆ ಬರೆಯಿರಿ: ರೇಷ್ಮೆ ಸೀರೆ, 1, ತೂಕ, 9,000 ರೂಪಾಯಿ. ಚನ್ನಪಟ್ಟಣದ ಮರದ ಗೊಂಬೆ, 2, ತೂಕ, 800 ರೂಪಾಯಿ. ಪಕ್ಕದಲ್ಲಿ ಎಚ್‌ಎಸ್ ಕೋಡ್, ಅಂದರೆ ಯಾವ ಬಗೆಯ ವಸ್ತು ಅಂತ ಕಸ್ಟಮ್ಸ್‌ಗೆ ಹೇಳುವ ಸಂಖ್ಯೆ. ಮರದ ಆಟಿಕೆಗೆ ಅದು 9503ರಿಂದ ಶುರುವಾಗುತ್ತದೆ. ಹಳೇ ವಸ್ತುವಾದರೆ ಈಗಿನ ಬೆಲೆ ಹಾಕಿ. ಉಡುಗೊರೆಗೆ ದುಡ್ಡು ತಗೊಂಡಿಲ್ಲ ಅಂತ ಸೊನ್ನೆ ಬರೆಯಬೇಡಿ. ಕೇಳುವುದು ವಸ್ತುವಿನ ಬೆಲೆ, ನಿಮಗೆ ಬಂದ ಹಣ ಅಲ್ಲ.

"ಗಿಫ್ಟ್" ಅಂತ ಟಿಕ್ ಹಾಕಿದರೆ ತೆರಿಗೆ ಇಲ್ಲ ಅನ್ನುವುದು ಅರ್ಧ ನಿಜ. ಬ್ರಿಟನ್‌ನಲ್ಲಿ ಮಿತಿ 39 ಪೌಂಡ್, ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ಚಿಲ್ಲರೆ. ಯುರೋಪಿಯನ್ ಯೂನಿಯನ್‌ನಲ್ಲಿ 45 ಯೂರೋ. ಅಮೆರಿಕದಲ್ಲಿ 100 ಡಾಲರ್. ಅಲ್ಲಿ 800 ಡಾಲರ್‌ವರೆಗೆ ಇದ್ದ ಸಾಮಾನ್ಯ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು.

ನನ್ನ ಸೀರೆ 39 ಪೌಂಡ್ ದಾಟುತ್ತದೆ, ಆದರೆ ಅಲ್ಲಿ ಸುಂಕ ಶುರುವಾಗುವ 135 ಪೌಂಡ್ ದಾಟುವುದಿಲ್ಲ. ಹಾಗಾಗಿ ಸುಂಕ ಇಲ್ಲ, 20 ಶೇಕಡಾ ವ್ಯಾಟ್ ಇದೆ. ವ್ಯಾಟ್ ಬರೀ ಸೀರೆಗಲ್ಲ, ಅಂಚೆ ಖರ್ಚು, ವಿಮೆ ಖರ್ಚು ಸೇರಿಸಿ. ಖರ್ಚು 3,000 ಅಂತ ಇಟ್ಟುಕೊಂಡರೆ 12,000ಕ್ಕೆ 2,400 ರೂಪಾಯಿ. ಇದನ್ನು ಕಟ್ಟುವವನು ತಮ್ಮ, ನಾನಲ್ಲ. ಮುಂಚೆಯೇ ಫೋನ್ ಮಾಡಿ ಹೇಳಿಬಿಡುವುದು ಮೇಲು.

ಒಂದು ಸಾಚಾ ಉಪಾಯ ಇದೆ. ಗೊಂಬೆ ತಮ್ಮನ ಮಗಳಿಗೆ ಅಂದುಕೊಳ್ಳಿ. ಅದನ್ನು ಬೇರೆ ಸುತ್ತಿ, ಅವಳ ಹೆಸರು ಬರೆದು, ಫಾರಂನಲ್ಲೂ ಬೇರೆ ಸಾಲು ಹಾಕಿ. ಆಗ ಅವಳ 39 ಪೌಂಡ್ ಬೇರೆ. ಒಂದೇ ಸೀರೆಯನ್ನು ಇಬ್ಬರ ಹೆಸರಿಗೆ ಹಂಚಲು ಮಾತ್ರ ಬರುವುದಿಲ್ಲ.

ಇನ್ನು ವಿಮೆ. ಅಂಚೆಯ ಅಂತರರಾಷ್ಟ್ರೀಯ ನಿಯಮ ಇಷ್ಟೇ: ವಿಮೆಯ ಮೊತ್ತ ನಿಜಬೆಲೆಗಿಂತ ಜಾಸ್ತಿ ಇರಬಾರದು, ಕಡಿಮೆ ಇರಬಹುದು. 9,000ದ ಸೀರೆಗೆ 5,000ಕ್ಕೆ ವಿಮೆ ಮಾಡಿಸಬಹುದು, 20,000ಕ್ಕೆ ಆಗಲ್ಲ. ಪ್ರೀಮಿಯಂ ಉಳಿಸಬೇಕಾದರೆ ಇಲ್ಲಿ ಇಳಿಸಿ, ಕಸ್ಟಮ್ಸ್ ಸಾಲಿನಲ್ಲಲ್ಲ. ಎಲ್ಲ ದೇಶಕ್ಕೂ ಎಲ್ಲ ಸೇವೆಗೂ ವಿಮೆ ಸಿಗುವುದಿಲ್ಲ, ಕೌಂಟರಿನಲ್ಲೇ ಕೇಳಿಕೊಳ್ಳಿ.

ಡಬ್ಬಿ ಮುಚ್ಚುವ ಮುಂಚೆ ಒಳಗಿನದ್ದರ ಫೋಟೋ ತೆಗೆದು, ಬಿಲ್ಲು, ರಸೀದಿಯ ಜೊತೆ ಇಟ್ಟುಕೊಳ್ಳಿ. ಅಂಚೆ ಪಾರ್ಸೆಲ್ ಕಳೆದುಹೋದರೆ ವಿಚಾರಣೆ ಕೇಳಲು ಕಳಿಸಿದ ಮರುದಿನದಿಂದ ಆರು ತಿಂಗಳು ಸಮಯ ಇದೆ.