ಬಿಪಿ ತಾನಾಗಿಯೇ ಇಳಿದಾಗ

ರಾಜಾಜಿನಗರದಿಂದ ಬರುವ ನಿವೃತ್ತ ಮೇಷ್ಟ್ರೊಬ್ಬರು ಕಳೆದ ಭೇಟಿಯಲ್ಲಿ ಸಂತೋಷದಿಂದ ಹೇಳಿದರು: "ಡಾಕ್ಟ್ರೇ, ಬಿಪಿ ತಾನಾಗಿಯೇ ಸರಿಹೋಗಿದೆ. ಆರು ತಿಂಗಳಿಂದ ಟೆಲ್ಮಿಸಾರ್ಟನ್ ಮುಟ್ಟಿಲ್ಲ." ಅವರ ಯಕೃತ್ತು ಸಿರೋಸಿಸ್ ಹಂತ ತಲುಪಿ ಎರಡು ವರ್ಷವಾಗಿತ್ತು, ಹೊಟ್ಟೆಯಲ್ಲಿ ನೀರು ತುಂಬಲು ಆರಂಭವಾಗಿತ್ತು. ಆ ಹಂತದಲ್ಲಿ ಆ ಮಾತ್ರೆ ಮೂತ್ರಪಿಂಡಕ್ಕೆ ಹಾನಿ ಮಾಡಬಹುದಾದ್ದರಿಂದ ಅದನ್ನು ನಿಲ್ಲಿಸಿದ್ದು ಸರಿಯೇ ಆಗಿತ್ತು. ಆದರೆ ಬಿಪಿ ಇಳಿದದ್ದು ಆರೋಗ್ಯ ಸುಧಾರಿಸಿದ್ದರಿಂದಲ್ಲ, ಕಾಯಿಲೆ ಬಲಿತದ್ದರಿಂದ.

ಸಿರೋಸಿಸ್‌ನಲ್ಲಿ ಯಕೃತ್ತು ಕಲೆಗಟ್ಟಿ ಗಡುಸಾದಾಗ, ಕರುಳು ಮತ್ತು ಗುಲ್ಮದಿಂದ ಅದಕ್ಕೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರುತ್ತದೆ. ಆಗ ಹೊಟ್ಟೆಯ ಭಾಗದ ಅಪಧಮನಿಗಳು, ಮುಖ್ಯವಾಗಿ ನೈಟ್ರಿಕ್ ಆಕ್ಸೈಡ್‌ನ ಪ್ರಭಾವದಿಂದ, ಸಡಿಲಗೊಂಡು ಹಿಗ್ಗುತ್ತವೆ. ರಕ್ತ ಅಲ್ಲಿಯೇ ಹೆಚ್ಚಾಗಿ ತಂಗುವುದರಿಂದ, ಮೈಯಲ್ಲಿ ಒಟ್ಟು ದ್ರವ ಅಗತ್ಯಕ್ಕಿಂತ ಹೆಚ್ಚಿದ್ದರೂ ಮೂತ್ರಪಿಂಡಕ್ಕೆ ಕೊರತೆ ಬಿದ್ದಂತೆ ತೋರುತ್ತದೆ. ಅದು ಉಪ್ಪು, ನೀರು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಹೃದಯ ಇನ್ನಷ್ಟು ವೇಗವಾಗಿ ಬಡಿಯುತ್ತದೆ. ರಕ್ತದೊತ್ತಡ ಕಡಿಮೆ, ಹೃದಯದ ದುಡಿಮೆ ಮಾತ್ರ ಹೆಚ್ಚು. ಕೊವಾಲ್ಸ್ಕಿ ಮತ್ತು ಏಬಲ್‌ಮನ್ ಎಂಬ ಸಂಶೋಧಕರು 1953ರಲ್ಲಿಯೇ ಇದನ್ನು ದಾಖಲಿಸಿದ್ದರೂ, ಇಂಥ ರೋಗಿಗಳ ಹೃದಯದ ತೊಂದರೆಯನ್ನು ಬಹುಕಾಲ ಮದ್ಯಪಾನದ ಲೆಕ್ಕಕ್ಕೇ ಬರೆಯಲಾಗುತ್ತಿತ್ತು. ಮದ್ಯ ಮುಟ್ಟದವರ ಸಿರೋಸಿಸ್‌ನಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ನಮ್ಮ ಮೇಷ್ಟ್ರು ಕುಡಿದವರೇ ಅಲ್ಲ.

ಹೀಗೆ ವರ್ಷಗಟ್ಟಲೆ ದುಡಿದ ಹೃದಯದ ಸ್ನಾಯು ಕ್ರಮೇಣ ಬಿಗಿಯಾಗುತ್ತದೆ, ಅಡ್ರಿನಲಿನ್‌ನ ಕರೆಗೆ ಓಗೊಡುವ ಬೀಟಾ ಗ್ರಾಹಕಗಳು ಮಂಕಾಗುತ್ತವೆ. ಈ ಸ್ಥಿತಿಗೆ ಸಿರೋಟಿಕ್ ಕಾರ್ಡಿಯೋಮಯೋಪತಿ ಎಂದು ಹೆಸರು. ತೊಡಕೆಂದರೆ, ವಿಶ್ರಾಂತಿಯಲ್ಲಿ ಮಾಡಿದ ಎಕೋ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸಡಿಲಗೊಂಡ ರಕ್ತನಾಳಗಳಿಗೆ ರಕ್ತ ತಳ್ಳಲು ಹೆಚ್ಚು ಬಲ ಬೇಕಿಲ್ಲ; ಇಳಿಜಾರಿನಲ್ಲಿ ಸ್ಕೂಟರ್ ಓಡಿಸಿ ಎಂಜಿನ್ ಗಟ್ಟಿಯಾಗಿದೆ ಎಂದು ತೀರ್ಮಾನಿಸಿದ ಹಾಗೆ. ಅದಕ್ಕಾಗಿಯೇ 2020ರಲ್ಲಿ ಪರಿಷ್ಕೃತಗೊಂಡ ಮಾನದಂಡಗಳು ಎಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) ಒಂದನ್ನೇ ನೆಚ್ಚದೆ, ಸ್ನಾಯುವಿನ ಎಳೆತವನ್ನು ಅಳೆಯುವ ಸ್ಟ್ರೇನ್ ಪರೀಕ್ಷೆಯನ್ನೂ ಹೃದಯ ಹಿಗ್ಗುವ ಸಾಮರ್ಥ್ಯದ ಅಳತೆಗಳನ್ನೂ ಸೇರಿಸಿಕೊಂಡಿವೆ.

ಏರು ಬಂದಾಗ ದೋಷ ಹೊರಬೀಳುತ್ತದೆ. ಹೊಟ್ಟೆಯ ನೀರಿಗೆ ಸೋಂಕು ತಗುಲಿದಾಗ, ಅನ್ನನಾಳದ ರಕ್ತನಾಳ ಒಡೆದು ರಕ್ತಸ್ರಾವವಾದಾಗ, ಪೋರ್ಟಲ್ ಒತ್ತಡ ತಗ್ಗಿಸಲು ಟಿಪ್ಸ್ ಎಂಬ ಕೊಳವೆ ಹಾಕಿದಾಗ ಹೃದಯ ಸೋಲಬಹುದು. ಕಸಿಯ ಸಂದರ್ಭದಲ್ಲಿಯಂತೂ ಹೊಸ ಯಕೃತ್ತಿಗೆ ರಕ್ತ ಹರಿದ ಕೆಲವೇ ನಿಮಿಷಗಳಲ್ಲಿ ಹೃದಯದ ಮೇಲಿನ ಹೊರೆ ಬದಲಾಗಿಬಿಡುತ್ತದೆ. ಆದ್ದರಿಂದ ಕರ್ನಾಟಕದಲ್ಲಿ ಅಂಗಾಂಗ ಕಸಿಯನ್ನು ನೋಡಿಕೊಳ್ಳುವ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಗೆ ಹೆಸರು ಬರೆಸುವ ಮೊದಲು ನಡೆಸುವ ಹೃದಯದ ತಪಾಸಣೆಯನ್ನು ಯಾರೂ ಔಪಚಾರಿಕವೆಂದು ಭಾವಿಸಬಾರದು. ಕಸಿ ಯಶಸ್ವಿಯಾದ ಬಳಿಕ ಅನೇಕರಲ್ಲಿ ಹೃದಯ ತಿಂಗಳುಗಳ ಅವಧಿಯಲ್ಲಿ ಚೇತರಿಸಿಕೊಳ್ಳುತ್ತದೆ.

ಬೆಂಗಳೂರಿನ ಬೀದಿಬೀದಿಗಳಲ್ಲಿರುವ ಮೆಡಿಕಲ್ ಸ್ಟೋರ್‌ಗಳನ್ನು ನೋಡಿದಾಗ ನನಗೆ ಹೆಚ್ಚು ಆತಂಕವಾಗುವುದು ಬೇರೊಂದು ಕಾರಣಕ್ಕೆ. ಸಿರೋಸಿಸ್ ಇರುವವರಲ್ಲಿ ಇಸಿಜಿಯ ಕ್ಯೂಟಿ ಅವಧಿ, ಅಂದರೆ ಪ್ರತಿ ಬಡಿತದ ವಿದ್ಯುತ್ ಚಟುವಟಿಕೆ ಮುಗಿದು ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಸಮಯ, ದೀರ್ಘವಾಗಿರುವುದು ಸಾಮಾನ್ಯ. ಕೆಮ್ಮಿಗೆಂದು ಅಜಿತ್ರೋಮೈಸಿನ್ ಅಥವಾ ಲಿವೊಫ್ಲಾಕ್ಸಸಿನ್, ವಾಂತಿಗೆಂದು ಒಂಡಾನ್ಸೆಟ್ರಾನ್ ಅಥವಾ ಡೊಂಪೆರಿಡೋನ್ ತಾವೇ ಕೊಂಡು ನುಂಗಿದರೆ ಆ ಅವಧಿ ಇನ್ನೂ ಹಿಗ್ಗಿ, ಅಪಾಯಕರ ಬಡಿತದೋಷ ಉಂಟಾಗಬಹುದು. ಪ್ರೊಪ್ರನೊಲಾಲ್ ಮತ್ತು ಕಾರ್ವೆಡಿಲಾಲ್ ಮಾತ್ರೆಗಳ ವಿಷಯ ಬೇರೆ: ಅವುಗಳನ್ನು ಇಲ್ಲಿ ಕೊಡುವುದು ಬಿಪಿಗಲ್ಲ, ಅನ್ನನಾಳದ ರಕ್ತಸ್ರಾವ ತಡೆಯಲು. ಬಿಪಿ ಸರಿಯಿದೆಯೆಂದು ತಾವಾಗಿಯೇ ಬಿಡಬಾರದು. ಮೇಲಿನ ಅಂಕಿ 90ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ತಿಳಿಸದೆ ಮುಂದುವರಿಸಲೂಬಾರದು.

ಮೇಷ್ಟ್ರು ತಂದಿದ್ದ ಎಕೋ ವರದಿಯಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ 62 ಪ್ರತಿಶತ ಎಂದಿತ್ತು, ಸ್ಟ್ರೇನ್ ಅಳೆದಿರಲಿಲ್ಲ. ಅದನ್ನೂ ಇಸಿಜಿಯನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. "ಬಿಪಿ ಸರಿಯಿದ್ದರೂ ಯಾಕೆ ಸಾರ್?" ಎಂದು ಕೇಳಿದ ಅವರನ್ನು ಕೂರಿಸಿ, ಮೇಲಿನದನ್ನೆಲ್ಲ ಮೊದಲಿನಿಂದ ಹೇಳಿದೆ.